ಹೈಡ್ರಿಲ್ಲಾ, ಫ್ಲೂರಿಡೋನ್ ಮತ್ತು ಕರಗಿದ ಅಂತರ: ಫ್ಲೋರಿಡಾದ ಕೆರೆಗಳಲ್ಲಿ ಕಳೆನಾಶಕ ಬಳಕೆ

ಬೀಕರಿನ ನೀರಿನಲ್ಲಿ ಒಂದು ಹಿಡಿ ಜಲಸಸ್ಯ, ಅದರ ಮೇಲೆ ಬೋರಲು ಹಾಕಿದ ಆಲಿಕೆ, ಆಲಿಕೆಯ ಕೊಳವೆಗೆ ಮಗುಚಿಟ್ಟ ಪ್ರನಾಳ, ಅದರೊಳಗೆ ಮೇಲೇರುವ ಗುಳ್ಳೆಗಳು. ದ್ಯುತಿಸಂಶ್ಲೇಷಣೆಯಲ್ಲಿ ಆಮ್ಲಜನಕ ಬಿಡುಗಡೆಯಾಗುತ್ತದೆಂದು ತೋರಿಸುವ ಈ ಚಿತ್ರವನ್ನು ಕರ್ನಾಟಕದ ಪ್ರೌಢಶಾಲೆಗಳಲ್ಲಿ ಓದಿದ ಬಹುತೇಕರು ಬಿಡಿಸಿರುತ್ತಾರೆ. ಆ ಬೀಕರಿನ ಸಸ್ಯ ಹೈಡ್ರಿಲ್ಲಾ ವರ್ಟಿಸಿಲೇಟಾ. ನಮ್ಮ ಕೆರೆ, ಕಟ್ಟೆ, ಕಾಲುವೆಗಳಲ್ಲಿ ಅದು ಇಲ್ಲಿಯದೇ ಸಸ್ಯ. ಅದೇ ಹೈಡ್ರಿಲ್ಲಾವನ್ನು ಹತೋಟಿಯಲ್ಲಿಡಲು ಅಮೆರಿಕದ ಫ್ಲೋರಿಡಾ ರಾಜ್ಯ ದಶಕಗಳಿಂದ ಕೋಟ್ಯಂತರ ಡಾಲರ್ ಖರ್ಚು ಮಾಡುತ್ತ ಬಂದಿದೆ. ಆ ಖರ್ಚಿನ ದೊಡ್ಡ ಪಾಲು ಹೋಗಿರುವುದು ಕಳೆನಾಶಕಗಳಿಗೆ.

ಆಕ್ರಮಣಕಾರಿ ಜಲಸಸ್ಯಗಳ ಮೇಲೆ ಕಳೆನಾಶಕ ಬಳಸಬೇಕೇ ಬೇಡವೇ ಎಂಬ ಚರ್ಚೆ ಸಾಮಾನ್ಯವಾಗಿ ವಿಷ ಮತ್ತು ಸುರಕ್ಷತೆಯ ಸುತ್ತಲೇ ಸುತ್ತುತ್ತದೆ. ಆ ಪ್ರಶ್ನೆ ಮುಖ್ಯವಾದುದೇ. ಆದರೆ ಫ್ಲೋರಿಡಾದ ಅನುಭವದಲ್ಲಿ ಅದಕ್ಕಿಂತ ಕಡಿಮೆ ಗಮನ ಪಡೆದ ಇನ್ನೊಂದು ಸಂಗತಿಯಿದೆ. ನೀರಿಗೆ ಹಾಕಿದ ಕಳೆನಾಶಕ ಉಪಯೋಗಕ್ಕೆ ಬರುವುದು ಕಳೆಯನ್ನು ಕೊಲ್ಲುವ ಪ್ರಮಾಣಕ್ಕೂ ಪಕ್ಕದ ಒಳ್ಳೆಯ ಸಸ್ಯವನ್ನು ಕೊಲ್ಲುವ ಪ್ರಮಾಣಕ್ಕೂ ನಡುವೆ ಅಂತರವಿದ್ದರೆ ಮಾತ್ರ. ಈ ಅಂತರ ಬಳಸಿದಷ್ಟೂ ಸವೆಯುತ್ತದೆ, ಸವೆದ ಮೇಲೆ ಮತ್ತೆ ಬರುವುದಿಲ್ಲ. ಅದನ್ನು ಸಾರ್ವಜನಿಕ ಸಂಪತ್ತೆಂದೇ ಲೆಕ್ಕ ಹಿಡಿಯಬೇಕು ಎಂಬುದು ಈ ಲೇಖನದ ವಾದ.

ಬಂದ ದಾರಿ

ಹೈಡ್ರಿಲ್ಲಾ ಫ್ಲೋರಿಡಾ ಸೇರಿದ್ದು 1950ರ ದಶಕದ ಆರಂಭದಲ್ಲಿ, ಅಕ್ವೇರಿಯಂ ವ್ಯಾಪಾರದ ಮೂಲಕ. ಟ್ಯಾಂಪಾ ನಗರದ ಸುತ್ತ ಅದನ್ನು ಮಾರಾಟಕ್ಕೆ ಬೆಳೆಸುತ್ತಿದ್ದರು. ಶ್ರೀಲಂಕಾದಿಂದ ತರಿಸಿದ್ದೆಂಬುದು ದಾಖಲೆಗಳಲ್ಲಿರುವ ಮಾತು. 1960ರ ಹೊತ್ತಿಗೆ ಅದು ಮಯಾಮಿಯ ಒಂದು ಕಾಲುವೆಯಲ್ಲೂ ಪಶ್ಚಿಮ ತೀರದ ಕ್ರಿಸ್ಟಲ್ ನದಿಯಲ್ಲೂ ಕಾಣಿಸಿಕೊಂಡಿತು. 1997ರಲ್ಲಿ ಪ್ರಕಟವಾದ ಡಿಎನ್ಎ ಹೋಲಿಕೆಯ ಅಧ್ಯಯನವೊಂದು ಲೋಕದ ನಾನಾ ಕಡೆಯ ಹೈಡ್ರಿಲ್ಲಾ ಮಾದರಿಗಳನ್ನು ಅಕ್ಕಪಕ್ಕ ಇಟ್ಟು ನೋಡಿತು. ಫ್ಲೋರಿಡಾದ ತಳಿಗೆ ಎಲ್ಲಕ್ಕಿಂತ ಹತ್ತಿರದ ಸಂಬಂಧಿಯಾಗಿ ಹೊರಬಂದದ್ದು ಬೆಂಗಳೂರಿನಿಂದ ಸಂಗ್ರಹಿಸಿದ ಮಾದರಿ. ಫ್ಲೋರಿಡಾದ ಕೆರೆಗಳ ಕಥೆಗೆ ಕರ್ನಾಟಕದ ಓದುಗರು ಕಿವಿಗೊಡಬೇಕಾದುದಕ್ಕೆ ಇದೂ ಒಂದು ಕಾರಣ.

ಫ್ಲೋರಿಡಾಗೆ ಹೋದದ್ದು ಹೆಣ್ಣು ಸಸ್ಯ ಮಾತ್ರ. ಅಲ್ಲಿ ಗಂಡು ಹೂವಿಲ್ಲ, ಪರಾಗವಿಲ್ಲ, ಆದ್ದರಿಂದ ಬೀಜವೂ ಇಲ್ಲ. ಹಾಗಿದ್ದರೂ ಸಂತತಿಗೆ ಕೊರತೆಯಾಗಲಿಲ್ಲ. ಕಾಂಡವನ್ನು ಕೈಯಲ್ಲಿ ಹಿಡಿದರೆ ಗಿಣ್ಣುಗಿಣ್ಣಿಗೂ ನಾಲ್ಕರಿಂದ ಎಂಟು ಎಲೆಗಳ ಸುತ್ತು, ಗರಗಸದಂಥ ಅಂಚು, ಬೆರಳಿಗೆ ತರಿತರಿಯಾದ ಸ್ಪರ್ಶ. ದೋಣಿಯ ಪ್ರೊಪೆಲರಿಗೆ ಸಿಕ್ಕಿ ತುಂಡಾದ ಒಂದೇ ಗಿಣ್ಣಿನಿಂದಲೂ ಹೊಸ ಬಳ್ಳಿ ಹೊರಡಬಲ್ಲದು. ಕೆಸರಿನೊಳಗೆ ಕಡಲೆಕಾಳಿನ ಗಾತ್ರದ ಗೆಡ್ಡೆಗಳು ಬೆಳೆಯುತ್ತವೆ. ಅನುಕೂಲವಾದ ಜಾಗದಲ್ಲಿ ಒಂದು ಚದರ ಮೀಟರಿಗೆ ಸಾವಿರಾರು ಗೆಡ್ಡೆ ಸಿಗುವುದುಂಟು. ಮೊಳೆಯದೆ ನಾಲ್ಕು ವರ್ಷಕ್ಕೂ ಮೇಲೆ ಅವು ಜೀವ ಹಿಡಿದಿರುತ್ತವೆ. ಪೂರ್ಣ ಬಿಸಿಲಿನ ನೂರರಲ್ಲಿ ಒಂದು ಪಾಲು ಬೆಳಕಿದ್ದರೂ ಅದಕ್ಕೆ ಬೆಳೆಯಲು ಸಾಕು. ಹಾಗಾಗಿ ಬೇರೆ ಸಸ್ಯಗಳು ಇನ್ನೂ ತಳದಲ್ಲಿರುವಾಗಲೇ ಅದು ಮೇಲಕ್ಕೆ ಬಂದು ಚಾಪೆಯಂತೆ ಹರಡಿ ಬೆಳಕನ್ನೇ ಮುಚ್ಚಿಬಿಡುತ್ತದೆ. ಪ್ರವಾಹದ ನೀರನ್ನು ಹೊರಹಾಕಲೆಂದು ತೋಡಿದ ಕಾಲುವೆಗಳೇ ಕಟ್ಟಿಕೊಂಡಾಗ ಕೈಕಟ್ಟಿ ಕೂರುವುದು ಆ ತಗ್ಗುನಾಡಿಗೆ ಸಾಧ್ಯವಿರಲಿಲ್ಲ.

ಪ್ರಮಾಣ ಮತ್ತು ಕಾಲ

ಹೊಲಕ್ಕೆ ಕಳೆ ಔಷಧಿ ಹೊಡೆಯುವವರು ಎಕರೆಗೆ ಎಷ್ಟು ಎಂದು ಲೆಕ್ಕ ಹಾಕುತ್ತಾರೆ. ನೀರೊಳಗಿನ ಸಸ್ಯಕ್ಕೆ ಆ ಲೆಕ್ಕ ನಡೆಯದು. ಇಲ್ಲಿ ಔಷಧಿ ನೀರಿನಲ್ಲಿ ಕರಗಿ, ಅದೇ ನೀರು ಸಸ್ಯವನ್ನು ಸುತ್ತುವರಿದು ನಿಲ್ಲಬೇಕು. ಎಷ್ಟು ಸಾಂದ್ರತೆ, ಎಷ್ಟು ಹೊತ್ತಿನ ಸಂಪರ್ಕ ಎಂಬ ಎರಡು ಅಂಕಿಗಳು ಒಟ್ಟಿಗೆ ಕೂಡಿಬಂದರೆ ಮಾತ್ರ ಕೆಲಸ. ಡೈಕ್ವಾಟ್‌ಗೆ ಕೆಲವು ಗಂಟೆ ಸಾಕು, ಆದರೆ ರಾಡಿ ನೀರಿನಲ್ಲಿ ಅದು ಜೇಡಿಮಣ್ಣಿನ ಕಣಗಳಿಗೆ ಅಂಟಿ ನಿಷ್ಕ್ರಿಯವಾಗುತ್ತದೆ. ಎಂಡೋಥಾಲ್‌ಗೆ ಒಂದರಿಂದ ಮೂರು ದಿನ ಬೇಕು. ಆಮೇಲೆ ಸೂಕ್ಷ್ಮಜೀವಿಗಳು ಅದನ್ನು ಒಡೆದುಹಾಕುತ್ತವೆ. ತಾಮ್ರದ ಸಂಯುಕ್ತಗಳೂ ಬಳಕೆಯಲ್ಲಿದ್ದವು. ತಾಮ್ರ ಒಡೆಯುವ ವಸ್ತುವಲ್ಲ, ಹಾಕಿದ್ದೆಲ್ಲ ತಳದ ಕೆಸರಿನಲ್ಲೇ ಉಳಿಯುತ್ತದೆ.

1986ರಲ್ಲಿ ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ ನೋಂದಾಯಿಸಿದ ಫ್ಲೂರಿಡೋನ್ ಇವೆಲ್ಲಕ್ಕಿಂತ ಭಿನ್ನವಾಗಿತ್ತು. ಸಸ್ಯವು ಕೆರೋಟಿನಾಯ್ಡ್‌ಗಳನ್ನು ತಯಾರಿಸುವ ಹಾದಿಯಲ್ಲಿ ಫೈಟೋಯಿನ್ ಡಿಸ್ಯಾಚುರೇಸ್ ಎಂಬ ಕಿಣ್ವವಿದೆ. ಫ್ಲೂರಿಡೋನ್ ಅದನ್ನು ತಡೆಯುತ್ತದೆ. ಕೆರೋಟಿನಾಯ್ಡ್ ಪತ್ರಹರಿತ್ತನ್ನು ಬಿಸಿಲಿನಿಂದ ಕಾಯುವ ವಸ್ತು. ಅದಿಲ್ಲದೆ ಹುಟ್ಟಿದ ಎಳೆಯ ಎಲೆಯಲ್ಲಿ ಪತ್ರಹರಿತ್ತು ಬೆಳಕಿಗೇ ನಾಶವಾಗುತ್ತದೆ. ಔಷಧಿ ಬಿದ್ದ ಕೆರೆಯಿಂದ ಬಳ್ಳಿಯೊಂದನ್ನು ಎತ್ತಿ ನೋಡಿದರೆ ಕೆಳಗಿನ ಎಲೆಗಳೆಲ್ಲ ಹಸಿರಾಗಿಯೇ ಇರುತ್ತವೆ. ತುದಿಯ ಚಿಗುರು ಮಾತ್ರ ಬಿಳುಚಿಕೊಂಡು, ಕೆಲವೊಮ್ಮೆ ನಸುಗೆಂಪಾಗಿ ಕಾಣುತ್ತದೆ. ಹೊಸ ಚಿಗುರು ಆಹಾರ ತಯಾರಿಸದು, ಹಳೆಯ ಎಲೆ ಮುಪ್ಪಾಗುತ್ತದೆ, ಎರಡು ಮೂರು ತಿಂಗಳಲ್ಲಿ ಸಸ್ಯ ಸೊರಗಿ ಸಾಯುತ್ತದೆ. ಈ ನಿಧಾನವೇ ಅದರ ದೊಡ್ಡ ಗುಣವೂ ಆಗಿತ್ತು. ರಾಶಿ ಸಸ್ಯ ಒಮ್ಮೆಲೇ ಸತ್ತು ಕೊಳೆತರೆ ನೀರಿನ ಆಮ್ಲಜನಕವೆಲ್ಲ ಅದಕ್ಕೇ ಖರ್ಚಾಗಿ ಮೀನುಗಳು ಸಾಯುತ್ತವೆ. ವೇಗವಾಗಿ ಕೊಲ್ಲುವ ಔಷಧಿಗಳನ್ನು ಕೆರೆಯ ಒಂದೊಂದು ಭಾಗಕ್ಕೆ ಬಿಟ್ಟುಬಿಟ್ಟು ಹಾಕಬೇಕಾಗುವುದು ಇದಕ್ಕಾಗಿಯೇ. ಫ್ಲೂರಿಡೋನನ್ನು ಇಡೀ ಕೆರೆಗೆ ಒಮ್ಮೆಗೇ ಹಾಕಬಹುದಿತ್ತು.

ಬೇಕಾಗುತ್ತಿದ್ದ ಪ್ರಮಾಣವೋ ಅತ್ಯಲ್ಪ. ನೂರು ಕೋಟಿ ಪಾಲು ನೀರಿಗೆ ಹತ್ತು ಪಾಲಿನ ಆಸುಪಾಸು, ಅಂದರೆ ಹತ್ತು ಲಕ್ಷ ಲೀಟರಿಗೆ 10 ಗ್ರಾಂ. ನೂರು ಎಕರೆ ವಿಸ್ತಾರದ, ಸರಾಸರಿ ಎರಡು ಮೀಟರ್ ಆಳದ ಕೆರೆಗೆ ಹಿಡಿಯುವುದು ಸುಮಾರು 8 ಕಿಲೊ. ಅದೇ ಕೆರೆಗೆ ಎಂಡೋಥಾಲನ್ನು ಹತ್ತು ಲಕ್ಷ ಪಾಲಿಗೆ ಎರಡು ಪಾಲಿನಂತೆ ಹಾಕಿದರೆ ಸುಮಾರು 1,600 ಕಿಲೊ ಬೇಕಾಗುತ್ತದೆ. ಹತ್ತರ ಆಸುಪಾಸಿನ ಆ ಸಾಂದ್ರತೆಯಲ್ಲಿ ಹೈಡ್ರಿಲ್ಲಾ ಸಾಯುತ್ತಿತ್ತು, ವ್ಯಾಲಿಸ್ನೇರಿಯಾದಂಥ ಸ್ಥಳೀಯ ಸಸ್ಯಗಳು ಹೆಚ್ಚು ಪೆಟ್ಟು ತಿನ್ನದೆ ಉಳಿಯುತ್ತಿದ್ದವು. ನಾನು ಅಂತರ ಎಂದದ್ದು ಇದನ್ನೇ. ಫ್ಲೋರಿಡಾದ ಕೆರೆ ನಿರ್ವಾಹಕರಿಗೆ ಹದಿನೈದು ವರ್ಷದ ಮಟ್ಟಿಗೆ ಸಿಕ್ಕ ಭಾಗ್ಯವೂ ಇದೇ.

ಬೀಜವಿಲ್ಲದ ಸಸ್ಯದ ನಿರೋಧಕತೆ

1990ರ ದಶಕದ ಕೊನೆಯ ವರ್ಷಗಳಲ್ಲಿ ಕೆಲವು ಕೆರೆಗಳಲ್ಲಿ ಹಳೆಯ ಪ್ರಮಾಣ ನಾಟದಂತಾಯಿತು. ಮೊದಲಿಗೆ ಯಾರಿಗೂ ನಂಬಿಕೆ ಬರಲಿಲ್ಲ. ಹೊಲದ ಕಳೆಗಳಲ್ಲಿ ನಿರೋಧಕತೆ ಹರಡುವುದು ಬೀಜ ಮತ್ತು ಪರಾಗದ ಮೂಲಕ. ತಲೆಮಾರಿನಿಂದ ತಲೆಮಾರಿಗೆ ವಂಶವಾಹಿಗಳು ಬೆರೆಯುತ್ತ ಹೊಸ ಜೋಡಣೆಗಳು ಹುಟ್ಟುತ್ತವೆ. ಇಡೀ ರಾಜ್ಯದಲ್ಲಿ ಒಂದೇ ಹೆಣ್ಣು ತಳಿಯ ತುಂಡುಗಳೇ ತುಂಬಿರುವಾಗ ಆ ದಾರಿಯೇ ಇಲ್ಲವೆಂದು ತಿಳಿದವರು ಭಾವಿಸಿದ್ದರು. 2004ರಲ್ಲಿ ಮಿಶೆಲ್, ಡಯಾನ್, ಡ್ಯೂಕ್, ನೆದರ್‌ಲ್ಯಾಂಡ್ ಮೊದಲಾದವರ ತಂಡ ಮಾಲಿಕ್ಯುಲರ್ ಇಕಾಲಜಿ ಪತ್ರಿಕೆಯಲ್ಲಿ ಇದಕ್ಕೆ ಉತ್ತರ ಕೊಟ್ಟಿತು. ಫೈಟೋಯಿನ್ ಡಿಸ್ಯಾಚುರೇಸ್ ಕಿಣ್ವದ 304ನೇ ಸ್ಥಾನದಲ್ಲಿ ಅರ್ಜಿನೀನ್ ಎಂಬ ಅಮೈನೋ ಆಮ್ಲವಿದೆ. ನಿರೋಧಕ ಸಸ್ಯಗಳಲ್ಲಿ ಆ ಒಂದು ಸ್ಥಾನದಲ್ಲಿ ಸೆರೀನ್, ಸಿಸ್ಟೀನ್ ಅಥವಾ ಹಿಸ್ಟಿಡೀನ್ ಬಂದು ಕೂತಿತ್ತು. ಮೂರೂ ಪ್ರತ್ಯೇಕವಾಗಿ ಹುಟ್ಟಿದ ಕಾಯಕೋಶದ ಉತ್ಪರಿವರ್ತನೆಗಳು. ಬೀಜದಲ್ಲಲ್ಲ, ಬೆಳೆಯುವ ಮೊಗ್ಗಿನ ಜೀವಕೋಶದಲ್ಲಿ ಆದ ಬದಲಾವಣೆಗಳು. ಬದಲಾದ ಕಿಣ್ವಗಳು ಫ್ಲೂರಿಡೋನ್‌ಗೆ ಎರಡರಿಂದ ಐದು ಪಟ್ಟು ಕಡಿಮೆ ಸ್ಪಂದಿಸುತ್ತಿದ್ದವು, ತಮ್ಮ ಸಹಜ ಕೆಲಸವನ್ನು ಮಾತ್ರ ಹಿಂದಿನಷ್ಟೇ ಚೆನ್ನಾಗಿ ಮಾಡುತ್ತಿದ್ದವು.

ಈ ಕೊನೆಯ ಅಂಶದ ಮೇಲೆ ತುಸು ನಿಲ್ಲಬೇಕು. ನಿರೋಧಕತೆಗೆ ಸಸ್ಯ ಏನಾದರೂ ಬೆಲೆ ತೆರುತ್ತಿದ್ದರೆ, ಔಷಧಿ ನಿಲ್ಲಿಸಿದ ಕೆಲವು ವರ್ಷಗಳಲ್ಲಿ ಹಳೆಯ ತಳಿ ಮತ್ತೆ ಮೇಲುಗೈ ಪಡೆಯುತ್ತದೆಂದು ಆಶಿಸಬಹುದಿತ್ತು. ಕಿಣ್ವದ ಮಟ್ಟದಲ್ಲಿ ಅಂಥ ಬೆಲೆ ಕಾಣುವುದಿಲ್ಲ. ಬೀಜವಿಲ್ಲದಿರುವುದೂ ನಾವು ಎಣಿಸಿದಂತೆ ನಮ್ಮ ಪಕ್ಷಕ್ಕಿರಲಿಲ್ಲ. ಲೈಂಗಿಕ ಸಂತಾನದಲ್ಲಿ ವಂಶವಾಹಿಗಳು ಬೆರೆತು ಚದುರುತ್ತವೆ. ತುಂಡು ಮತ್ತು ಗೆಡ್ಡೆಗಳಿಂದ ಹಬ್ಬುವ ಸಸ್ಯದಲ್ಲಿ ಒಮ್ಮೆ ಗೆದ್ದ ಜೋಡಣೆ ಹಾಗೆಯೇ ನಕಲಾಗುತ್ತ ಹೋಗುತ್ತದೆ. ಸಾವಿರಾರು ಎಕರೆಯ ಕೆರೆಯೊಂದರಲ್ಲಿ ಬೆಳೆಯುವ ಮೊಗ್ಗುಗಳ ಸಂಖ್ಯೆ ಊಹೆಗೆ ನಿಲುಕದ್ದು. ಅಷ್ಟು ಮೊಗ್ಗುಗಳನ್ನು ಎರಡು ಮೂರು ತಿಂಗಳ ಕಾಲ, ಸಾಯಲು ಕನಿಷ್ಠ ಬೇಕಾದಷ್ಟೇ ಪ್ರಮಾಣದಲ್ಲಿ, ವರ್ಷ ಬಿಟ್ಟು ವರ್ಷ ಒಂದೇ ಔಷಧಿಗೆ ಒಡ್ಡಿದರೆ ಅದು ಲೋಕದ ಅತಿ ದೊಡ್ಡ ಆಯ್ಕೆಯ ಪ್ರಯೋಗವೇ ಆಗುತ್ತದೆ. ಕಡಿಮೆ ಪ್ರಮಾಣ, ದೀರ್ಘ ಸಂಪರ್ಕ, ಇಡೀ ಕೆರೆ: ಫ್ಲೂರಿಡೋನನ್ನು ಸೌಮ್ಯವಾಗಿಸಿದ ಈ ಗುಣಗಳೇ ನಿರೋಧಕತೆಯನ್ನೂ ಸಾಕಿದವು ಎಂಬುದು ನನ್ನ ತೀರ್ಮಾನ.

ನಿರೋಧಕ ತಳಿಯನ್ನು ಕೊಲ್ಲುವ ಪ್ರಮಾಣವೇನೋ ಇತ್ತು. ಆದರೆ ಹಲವು ಪಟ್ಟು ಏರಿಸಿದ ಆ ಪ್ರಮಾಣಕ್ಕೆ ಸ್ಥಳೀಯ ಸಸ್ಯಗಳೂ ಸಾಯುತ್ತಿದ್ದವು, ವೆಚ್ಚವೂ ಅದೇ ಪಟ್ಟು ಏರುತ್ತಿತ್ತು. ಫ್ಲೂರಿಡೋನ್ ಕೆಲಸ ಮಾಡುವುದನ್ನು ನಿಲ್ಲಿಸಲಿಲ್ಲ. ಕಳೆಯನ್ನಷ್ಟೇ ಆರಿಸಿ ಕೊಲ್ಲುವುದನ್ನು ನಿಲ್ಲಿಸಿತು.

ನಂತರದ ವರ್ಷಗಳು

ಕಿಸ್ಸಿಮ್ಮಿ ಪಟ್ಟಣದ ಪಕ್ಕದಲ್ಲಿ ಸುಮಾರು 19 ಸಾವಿರ ಎಕರೆ ಹರಡಿರುವ ಟೋಹೊಪೆಕಲಿಗಾ ಸರೋವರದಂಥ ಕಡೆಗಳಲ್ಲಿ ಆಮೇಲೆ ಎಂಡೋಥಾಲ್ ಮುಖ್ಯ ಆಸರೆಯಾಯಿತು. ಪೆನಾಕ್ಸುಲಾಮ್, ಇಮಾಜಮಾಕ್ಸ್ ಮುಂತಾದ ಹೊಸ ಔಷಧಿಗಳೂ ಬಂದವು. ಆ ಹೊತ್ತಿಗೆ ಸರೋವರದ ಪರಿಸ್ಥಿತಿಯೂ ಬದಲಾಗಿತ್ತು. ಫ್ಲೋರಿಡಾದಲ್ಲಿ ಅಳಿವಿನಂಚಿನಲ್ಲಿರುವ, ಬಸವನಹುಳುವನ್ನೇ ನಂಬಿ ಬದುಕುವ ಹದ್ದೊಂದಿದೆ. ಹೊರಗಿನಿಂದ ಬಂದ ದೊಡ್ಡ ಜಾತಿಯ ಬಸವನಹುಳು ಹೈಡ್ರಿಲ್ಲಾದ ನಡುವೆ ಹುಲುಸಾಗಿ ಬೆಳೆದದ್ದರಿಂದ ಆ ಹದ್ದುಗಳು ಈ ಸರೋವರದಲ್ಲಿ ಗೂಡು ಕಟ್ಟತೊಡಗಿದವು. ಕಳೆ ತೆಗೆಯುವವರು ಈಗ ಹದ್ದಿನ ಗೂಡು ನೋಡಿಕೊಂಡು ಕೆಲಸ ಮಾಡಬೇಕು. ಮೀನು ಹಿಡಿಯುವವರು ಮತ್ತು ಬಾತುಕೋಳಿ ಬೇಟೆಯವರ ವಿರೋಧದಿಂದಾಗಿ 2019ರ ಜನವರಿಯಲ್ಲಿ ರಾಜ್ಯದ ಮೀನು ಮತ್ತು ವನ್ಯಜೀವಿ ಆಯೋಗ ಸಿಂಪಡಣೆಯನ್ನೇ ತಡೆಹಿಡಿದು, ಸಾರ್ವಜನಿಕ ಸಭೆಗಳನ್ನು ನಡೆಸಿ, ಮಾರ್ಚ್‌ನಲ್ಲಿ ಮತ್ತೆ ಆರಂಭಿಸಿತು.

2021ರ ಮಾರ್ಚ್‌ನಲ್ಲಿ ಸೈನ್ಸ್ ಪತ್ರಿಕೆಯಲ್ಲಿ ಬಂದ ಸಂಶೋಧನೆ ಇನ್ನೊಂದು ಎಳೆಯನ್ನು ಬಿಚ್ಚಿತು. ಅಮೆರಿಕದ ಆಗ್ನೇಯ ರಾಜ್ಯಗಳಲ್ಲಿ 1990ರ ದಶಕದಿಂದ ಬಾಲ್ಡ್ ಈಗಲ್ ಹದ್ದುಗಳೂ ನಮ್ಮ ನಾಮದಕೋಳಿಯ ಹತ್ತಿರದ ಜಾತಿಯಾದ ಕೂಟ್ ಹಕ್ಕಿಗಳೂ ಮೆದುಳಿನ ಕಾಯಿಲೆಯಿಂದ ಸಾಯುತ್ತಿದ್ದವು. ಹೈಡ್ರಿಲ್ಲಾ ಎಲೆಗಳ ಮೇಲೆ ಬೆಳೆಯುವ ಸಯನೋಬ್ಯಾಕ್ಟೀರಿಯವೊಂದು ತಯಾರಿಸುವ ವಿಷ ಇದಕ್ಕೆ ಕಾರಣವೆಂದು ಸಿದ್ಧವಾಯಿತು. ಆ ವಿಷ ತಯಾರಾಗಲು ಬ್ರೋಮೈಡ್ ಬೇಕು. ನೀರಿಗೆ ಬ್ರೋಮೈಡ್ ಬಂದಿರಬಹುದಾದ ಮೂಲಗಳಲ್ಲಿ ಸಂಶೋಧಕರು ಹೈಡ್ರಿಲ್ಲಾ ಕೊಲ್ಲಲು ಬಳಸುವ ಡೈಕ್ವಾಟ್ ಡೈಬ್ರೋಮೈಡನ್ನೂ ಹೆಸರಿಸಿದ್ದಾರೆ. ಇದು ಸಾಬೀತಾದ ಆರೋಪವಲ್ಲ, ಸಾಧ್ಯತೆ. ಹಾಗಿದ್ದರೂ ಕಳೆನಾಶಕದ ಪರಿಣಾಮವನ್ನು ಅದರ ಮೂಲವಸ್ತುವಿನ ವಿಷತ್ವದಿಂದಷ್ಟೇ ಅಳೆದರೆ ಸಾಲದು ಎಂಬುದಕ್ಕೆ ಇದಕ್ಕಿಂತ ಬಲವಾದ ಉದಾಹರಣೆ ನನಗೆ ಕಂಡಿಲ್ಲ.

ಕರ್ನಾಟಕದ ಕೆರೆಗಳ ಮಟ್ಟಿಗೆ

ನಮ್ಮಲ್ಲಿ ತೊಂದರೆ ಕೊಡುತ್ತಿರುವುದು ಮುಖ್ಯವಾಗಿ ದಕ್ಷಿಣ ಅಮೆರಿಕದಿಂದ ಬಂದ, ನೀರಿನ ಮೇಲೆ ತೇಲುವ ವಾಟರ್ ಹಯಸಿಂತ್. ಅದರ ಹತೋಟಿಗೆಂದು 1980ರ ದಶಕದಲ್ಲಿ ನಿಯೋಕೆಟಿನಾ ಎಂಬ ಸೊಂಡಿಲುಕೀಟಗಳನ್ನು ತರಿಸಿ ಬೆಂಗಳೂರಿನ ಕೆರೆಗಳಲ್ಲಿ ಬಿಡಲಾಯಿತು. ಅದು ಫಲ ಕೊಟ್ಟ ವರದಿಯೂ ಪ್ರಕಟವಾಗಿದೆ. ಕೀಟ ನಿಧಾನ, ಯಂತ್ರ ದುಬಾರಿ, ಹಾಗಾಗಿ 2,4-ಡಿ ಹೊಡೆದರೆ ಮುಗಿಯಿತು ಎಂಬ ಸಲಹೆ ಆಗಾಗ ಕೇಳಿಬರುತ್ತದೆ.

ಫ್ಲೋರಿಡಾದಲ್ಲಿ ಫ್ಲೂರಿಡೋನ್ ಹಾಕಿದ ನೀರನ್ನು ಬೆಳೆಗೆ ಹಾಯಿಸುವ ಮುನ್ನ, ಬೆಳೆಯನ್ನು ನೋಡಿಕೊಂಡು, 7ರಿಂದ 30 ದಿನ ಕಾಯಬೇಕು. ಔಷಧಿಯ ಡಬ್ಬಿಯ ಮೇಲೆ ಬರೆದ ಸೂಚನೆಗೆ ಅಲ್ಲಿ ಕಾನೂನಿನ ಬಲವಿದೆ. ನಮ್ಮಲ್ಲಿ ಕೆರೆಯ ತೂಬನ್ನು ತಿಂಗಳು ಮುಚ್ಚಿಡು ಎಂದರೆ ನೀರುಗಂಟಿ ಯಾರಿಗೆ ಉತ್ತರ ಹೇಳಬೇಕು? ಅದೇ ನೀರನ್ನು ದನ ಕುಡಿಯುತ್ತದೆ, ಮೀನಿನ ಗುತ್ತಿಗೆದಾರ ನಂಬಿದ್ದಾನೆ, ಪಕ್ಕದ ಕೊಳವೆಬಾವಿಗಳು ಇಂಗಿಸಿಕೊಳ್ಳುತ್ತವೆ. ಅಗಲ ಎಲೆಯ ಸಸ್ಯಗಳನ್ನು ಕೊಲ್ಲುವ 2,4-ಡಿ ಕಾಲುವೆ ಇಳಿದರೆ ಭತ್ತ ತಡೆದುಕೊಳ್ಳಬಹುದು, ತೊಗರಿ, ಹತ್ತಿ, ತರಕಾರಿ ತಡೆಯಲಾರವು. ಇನ್ನು ನೀರಿಗೇ ಬೆರೆಸುವ ಔಷಧಿಯಾದರೆ ಅದಕ್ಕೆ ನಿಂತ ನೀರು ಬೇಕು. ನಮ್ಮ ಕೆರೆಗಳು ಒಂದರ ಕೋಡಿಯಿಂದ ಇನ್ನೊಂದಕ್ಕೆ ಸರಪಳಿಯಾಗಿ ಹರಿಯುವಂತೆ ಕಟ್ಟಿದವು. ಬೆಳ್ಳಂದೂರಿನ ನೀರು ವರ್ತೂರಿಗೆ, ವರ್ತೂರಿನದು ದಕ್ಷಿಣ ಪಿನಾಕಿನಿಗೆ. ಬೆಂಗಳೂರಿನಲ್ಲಿ ಒಳಚರಂಡಿಯ ಹರಿವು ವರ್ಷವಿಡೀ ನಿಲ್ಲುವುದಿಲ್ಲ. ಅಂಥಲ್ಲಿ ಸಾಂದ್ರತೆ ಗಂಟೆಗಂಟೆಗೂ ಇಳಿದು, ಸಸ್ಯ ಸಾಯದ ಆದರೆ ಆಯ್ಕೆಯ ಒತ್ತಡಕ್ಕೆ ಸಿಲುಕುವ ಮಟ್ಟಕ್ಕೆ ಬಂದು ನಿಲ್ಲುತ್ತದೆ. ಸತ್ತ ಸಸ್ಯದ ಸಾರಜನಕ, ರಂಜಕಗಳು ಮತ್ತೆ ಅದೇ ನೀರಿಗೆ ಸೇರಿ ಮುಂದಿನ ಬೆಳೆಗೆ ಗೊಬ್ಬರವಾಗುತ್ತವೆ.

ಕಳೆನಾಶಕವೇ ಬೇಡವೆಂದು ಹೇಳುವುದು ನನ್ನ ಉದ್ದೇಶವಲ್ಲ. ಹೊರಹರಿವು ಮುಚ್ಚಿದ, ಕುಡಿಯಲು ಬಳಸದ ಸಣ್ಣ ಕಟ್ಟೆಯಲ್ಲಿ ಹೊಸ ಕಳೆಯೊಂದು ಆಗತಾನೇ ಕಾಲಿಟ್ಟಿದ್ದರೆ ಅದನ್ನು ಬುಡಸಮೇತ ತೆಗೆಯಲು ಅದೇ ಸರಿಯಾದ ದಾರಿಯಾಗಿರಬಹುದು. ಅನುಮತಿ ಕೊಡುವ ಮುನ್ನ ಕೆರೆಯ ಉಸ್ತುವಾರಿ ಹೊತ್ತ ಇಲಾಖೆ ಮೂರು ದಾಖಲೆಗಳನ್ನು ಕೇಳಬೇಕು. ಆ ಕೆರೆಯ ಕಳೆ ಯಾವ ಪ್ರಮಾಣಕ್ಕೆ ಸಾಯುತ್ತದೆಂಬ ಪ್ರಯೋಗಾಲಯದ ಅಳತೆ, ಅಲ್ಲಿನ ಸ್ಥಳೀಯ ಸಸ್ಯಗಳಿಗೆ ಅದೇ ಅಳತೆ, ಮತ್ತು ಆ ತಿಂಗಳಲ್ಲಿ ಕೆರೆಯ ನೀರು ಎಷ್ಟು ದಿನಕ್ಕೊಮ್ಮೆ ಬದಲಾಗುತ್ತದೆಂಬ ಲೆಕ್ಕ. ಮೊದಲಿನ ಎರಡನ್ನು ಮೂರು ವರ್ಷಕ್ಕೊಮ್ಮೆಯಾದರೂ ಅದೇ ಕೆರೆಯಿಂದ ಹೊಸ ಮಾದರಿ ತಂದು ಮತ್ತೆ ಅಳೆಯಬೇಕು. ಎರಡರ ನಡುವಿನ ಅಂತರ ಕಿರಿದಾಗುತ್ತಿದ್ದರೆ ಆ ಔಷಧಿಯನ್ನು ಅಲ್ಲಿಗೇ ನಿಲ್ಲಿಸಬೇಕು.