ಮೇಳವೂ ಅದನ್ನು ನಂಬಿದ ಮನೆಗಳೂ

ದೀಪಾವಳಿ ಕಳೆದು ಗದ್ದೆಯ ಕೊಯ್ಲು ತೀರುತ್ತ ಬಂದಿತೆಂದರೆ ಕುಂದಾಪುರ, ಬೈಂದೂರು, ಬ್ರಹ್ಮಾವರಗಳ ಹಳ್ಳಿಗಳಲ್ಲಿ ಮುಸ್ಸಂಜೆಗೆ ಕೇಳಿಯ ಚಂಡೆ ಮೊಳಗತೊಡಗುವುದು. ಆ ದನಿ ಕಿವಿಗೆ ಬಿದ್ದ ಮನೆಯಲ್ಲಿ ರಾತ್ರಿಯ ಊಟ ತುಸು ಮುಂಚಿತವಾಗಿಯೇ ಆಗುವುದೆಂಬುದನ್ನು ವಾಚಕರಿಗೆ ವಿವರಿಸಿ ಹೇಳಬೇಕಾದುದಿಲ್ಲ. ಯಕ್ಷಗಾನದ ವೇಷ, ತಾಳ, ಪ್ರಸಂಗಗಳ ವಿಷಯವಾಗಿ ನಮ್ಮಲ್ಲಿ ಘನವಾದ ಗ್ರಂಥಗಳಿವೆ. ಕೋಟದ ಶಿವರಾಮ ಕಾರಂತರ ‘ಯಕ್ಷಗಾನ ಬಯಲಾಟ’ಕ್ಕೆ 1959ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿಯೂ ಸಂದಿತು. ಆದರೆ ರಂಗಸ್ಥಳದ ಮುಂದೆ ಚಾಪೆ ಹಾಸಿ ಬೆಳಗಿನವರೆಗೆ ಕುಳಿತವರಿಗೂ ಒಂದು ಚರಿತ್ರೆಯುಂಟು. ಅವರು ಬರಿಯ ನೋಟಕರಲ್ಲ.

ಮಂದಾರ್ತಿಯ ಶ್ರೀ ದುರ್ಗಾಪರಮೇಶ್ವರಿಯ ಹೆಸರಿನಲ್ಲಿ ಇಂದು ಐದು ಮೇಳಗಳು ತಿರುಗಾಟಕ್ಕೆ ಹೊರಡುತ್ತವೆ; ಮಾರಣಕಟ್ಟೆಯ ಬ್ರಹ್ಮಲಿಂಗೇಶ್ವರನವು ಮೂರು. ಇವು ಹರಕೆಯ ಮೇಳಗಳು. ರೋಗ ವಾಸಿಯಾದರೆ, ಮಗು ಹುಟ್ಟಿದರೆ, ವ್ಯಾಜ್ಯ ತೀರಿದರೆ ಒಂದು ಆಟ ಆಡಿಸುವೆನೆಂದು ಗೃಹಸ್ಥನು ದೇವಿಯೆದುರು ನುಡಿದುಕೊಳ್ಳುವನು. ಆಟದ ದಿನ ಮೇಳವು ಅವನ ಮನೆಯ ಅತಿಥಿ. ಗದ್ದೆ ಹಸನು ಮಾಡಿ ರಂಗಸ್ಥಳಕ್ಕೆ ಎಡೆ ಬಿಡುವವನು ಅವನೇ. ಕಲಾವಿದರಿಗೂ ನೆರೆದ ಊರವರಿಗೂ ಅನ್ನ ಬಡಿಸುವವನು ಅವನೇ. ಚೌಕಿಯಲ್ಲಿ ಗಣಪತಿಯ ಪೂಜೆಗೆ ಕೈಮುಗಿದು ನಿಲ್ಲುವುದು ಅವನ ಸಂಸಾರವೇ. ಉಳಿದವರಿಗೆ ಆಟ ಉಚಿತ. ಒಂದು ಮನೆಯ ಋಣಮುಕ್ತಿಯಲ್ಲಿ ಹೀಗೆ ಹತ್ತು ಊರುಗಳು ಭಾಗಿಗಳಾಗುತ್ತವೆ.

ಇದರಲ್ಲಿ ಹೃದಯವನ್ನು ತಟ್ಟುವ ಸಂಗತಿ ಬೇರೊಂದುಂಟು. ಮಂದಾರ್ತಿಯಲ್ಲಿ ಹರಕೆಯ ಆಟಗಳ ಪಟ್ಟಿ ಎಷ್ಟೋ ವರ್ಷಗಳ ಮುಂದಕ್ಕೆ ತುಂಬಿಹೋಗಿರುತ್ತದೆ. ಇಂದು ಹೆಸರು ಬರೆಯಿಸಿದ ಮುದುಕನು ತನ್ನ ಆಟವನ್ನು ಕಣ್ಣಾರೆ ಕಾಣುವನೆಂಬ ಭರವಸೆಯಿಲ್ಲ. ತಂದೆ ಹೊತ್ತ ಹರಕೆಯನ್ನು ಮಗನು ತೀರಿಸುವನು. ಅಷ್ಟರಲ್ಲಿ ವೇಷಧಾರಿಗಳೂ ಬದಲಾಗಿರುವರು, ಭಾಗವತರೂ ಬೇರೆಯವರಾಗಿರುವರು. ಆದರೂ ಮಾತು ಮುರಿಯುವುದಿಲ್ಲ. ಸಾಲಪತ್ರಕ್ಕೂ ಕಾಲದ ಮಿತಿಯುಂಟು. ಈ ಋಣಕ್ಕೆ ಅದೂ ಇಲ್ಲ.

ಹಾಗೆಂದ ಮಾತ್ರಕ್ಕೆ ನಮ್ಮವರದು ಕೇವಲ ಭಕ್ತಿ, ರಸಿಕತೆಯಲ್ಲ ಎನ್ನಲಾಗದು. ಬ್ರಹ್ಮಾವರದ ಆಸುಪಾಸಿನ ಎರಡು ಹಳ್ಳಿಗಳಾದ ಹಾರಾಡಿ, ಮಟಪಾಡಿಗಳ ಹೆಸರಿನಲ್ಲಿ ಕುಣಿತದ ಎರಡು ತಿಟ್ಟುಗಳೇ ಬೆಳೆದವು. ಒಂದು ಪಕ್ಷದವರಿಗೆ ಹಾರಾಡಿ ರಾಮ ಗಾಣಿಗರ, ಕುಷ್ಟ ಗಾಣಿಗರ ಗತ್ತು; ಇನ್ನೊಂದು ಪಕ್ಷದವರಿಗೆ ಮಟಪಾಡಿ ವೀರಭದ್ರ ನಾಯಕರ ಹೆಜ್ಜೆ. ಎರಡು ಮೇಳಗಳು ಒಂದೇ ಬಯಲಿನಲ್ಲಿ ಜೊತೆಜೊತೆಗೆ ಆಡುವ ಜೋಡಾಟದ ಇರುಳು ಈ ಪಕ್ಷಪಾತಕ್ಕೆ ತಡೆಯೇ ಇರುತ್ತಿರಲಿಲ್ಲ. ಈಚೆಯ ವೇಷದ ಮುಂದೆ ಜನ ಕರಗಿದರೆಂದರೆ ಆಚೆಯ ಮೇಳಕ್ಕೆ ಜಯವಾಯಿತೆಂದೇ ಅರ್ಥ. ಮರುದಿನದ ಚರ್ಚೆಗಳಲ್ಲಿ ಎಷ್ಟು ಸ್ನೇಹಗಳು ಕದಡಿರಬಹುದೋ!

ಮುಂದೆ ಡೇರೆಯ ಮೇಳಗಳು ಬಂದವು, ಟಿಕೇಟು ಬಂದಿತು. ದುಡ್ಡು ಕೊಟ್ಟು ಒಳಹೊಕ್ಕವನಿಗೆ ಮೇಳದ ಮೇಲೇನು ಮಮತೆಯೆಂದು ಸಂಶಯಪಟ್ಟವರೂ ಇದ್ದಿರಬೇಕು. ಆ ಸಂಶಯಕ್ಕೆ ಗುಂಡ್ಮಿಯ ಕಾಳಿಂಗ ನಾವಡರೇ ಉತ್ತರ. ಅವರು 1958ರಲ್ಲಿ ಜನಿಸಿದರು. ನಾರ್ಣಪ್ಪ ಉಪ್ಪೂರರ ಶಿಷ್ಯರಾಗಿ ಪಳಗಿ ಸಾಲಿಗ್ರಾಮ ಮೇಳದ ಭಾಗವತರಾದರು. ಅದುವರೆಗೆ ಜನ ವೇಷವನ್ನು ನೋಡಲು ಹೋಗುತ್ತಿದ್ದರು. ನಾವಡರ ಕಾಲದಲ್ಲಿ ಹಾಡನ್ನು ಕೇಳಲು ಹೋದರು. ಅವರೇ ರಚಿಸಿದ ‘ನಾಗಶ್ರೀ’ ಪ್ರಸಂಗಕ್ಕೆ ಡೇರೆಗಳು ತುಂಬಿದವು. ಸಂಪ್ರದಾಯ ಕೆಟ್ಟಿತೆಂದು ಹಿರಿಯರಲ್ಲಿ ಕೆಲವರು ಗೊಣಗಿದರು. ಆ ಗೊಣಗಾಟವನ್ನು ಪೂರ್ತಿ ತಳ್ಳಿಹಾಕಲು ನನಗೂ ಮನಸ್ಸಿಲ್ಲ. ಆದರೆ 1990ರ ಮೇ ತಿಂಗಳಲ್ಲಿ ರಸ್ತೆಯ ಅಪಘಾತದಲ್ಲಿ ಅವರು ತೀರಿಕೊಂಡಾಗ ವಯಸ್ಸು ಮೂವತ್ತೆರಡೂ ತುಂಬಿರಲಿಲ್ಲ. ಈ ಸೀಮೆಯ ಮನೆಗಳಲ್ಲಿ ಸ್ವಂತದವರು ಹೋದಷ್ಟೇ ದುಃಖವಾಯಿತು. ಅವರ ಕಂಠ ಕ್ಯಾಸೆಟ್ಟುಗಳಲ್ಲಿ ಉಳಿಯಿತು. ಅವರನ್ನು ರಂಗಸ್ಥಳದಲ್ಲಿ ಎಂದೂ ಕಾಣದ ತರುಣರು ಇಂದು ಅದನ್ನು ಕೈಯೊಳಗಿನ ಯಂತ್ರದಲ್ಲಿ ಕೇಳುತ್ತಿರುವರು.

ಈ ನಂಟು ಎಲ್ಲಿ ಮೊದಲಾಗುವುದು? ನವರಾತ್ರಿಯ ಹೂವಿನ ಕೋಲಿನಲ್ಲಿ ಎಂದು ನನ್ನ ಎಣಿಕೆ. ಭಾಗವತರೊಬ್ಬರು, ಮದ್ದಳೆಯವರೊಬ್ಬರು, ಎದುರುಬದುರು ಕುಳಿತು ಅರ್ಥ ಹೇಳುವ ಇಬ್ಬರು ಹುಡುಗರು, ನಡುವೆ ಹೂ ಕಟ್ಟಿದ ಕೋಲು. ಜಗಲಿಯ ಅರ್ಧ ಗಂಟೆಯ ಆ ಪ್ರಸಂಗವನ್ನು ಕಂಬಕ್ಕೊರಗಿ ಕೇಳಿದ ಮಗು ಮುಂದೆ ಬೆಂಗಳೂರಿನ ಹೋಟೆಲಿನಲ್ಲಿ ಗಲ್ಲದ ಮೇಲೆ ಕುಳಿತಿರಲಿ, ಮುಂಬಯಿಯಲ್ಲಿ ದುಡಿಯುತ್ತಿರಲಿ, ಊರಿನ ಆಟಕ್ಕೆ ಹಣ ಕಳುಹಿಸುವುದನ್ನು ಮರೆಯದು. ಮಳೆಗಾಲದಲ್ಲಿ ಮೇಳದವರೇ ಗಟ್ಟವನ್ನೇರಿ ಬೆಂಗಳೂರಿನ ರವೀಂದ್ರ ಕಲಾಕ್ಷೇತ್ರದಲ್ಲಿ ಇರುಳಿಡೀ ಆಡಿದುದೂ ಅಂಥವರ ಬಲದಿಂದಲೇ.

2020ರ ಮಾರ್ಚಿನಲ್ಲಿ ಮಹಾಮಾರಿಯ ನಿಮಿತ್ತ ತಿರುಗಾಟವು ನಡುವಿನಲ್ಲೇ ನಿಂತಿತು. ಮುಂಡಾಸು, ಭುಜಕೀರ್ತಿಗಳು ಪೆಟ್ಟಿಗೆ ಸೇರಿದವು. ಏಪ್ರಿಲು, ಮೇ ತಿಂಗಳಲ್ಲಿ ಆಟ ಗೊತ್ತಾಗಿದ್ದ ಮನೆಗಳವರು ಹಸನು ಮಾಡಿದ ಗದ್ದೆಯನ್ನು ನೋಡುತ್ತ ಉಳಿದರು. ವರ್ಷಗಟ್ಟಲೆ ಕಾದು ಬಂದ ದಿನವದು. ಮೇಳವು ಮತ್ತೆ ಹೊರಡುವವರೆಗೆ ಅವರು ಇನ್ನೂ ಕಾದರು.