ಅಜ್ಜಿ ತೋಳಿನ ಗುಂಡು ಕಲೆ (ಭಾಗ 4)

ಹಾಸನ–ಹೊಳೆನರಸೀಪುರ ಬಸ್ಸಲ್ಲಿ ವಯಸ್ಸಾದೋರು ಕಂಬಿ ಹಿಡಿದು ನಿಂತಾಗ ಅವರ ತೋಳು ಗಮನಿಸಿದ್ದೀರಾ? ಎಷ್ಟೋ ಜನಕ್ಕೆ ನಾಣ್ಯದಗಲ ಒಂದು ಗುಂಡು ಕಲೆ ಇರುತ್ತೆ. ನಮ್ಮಜ್ಜಿ ಅದನ್ನ "ದೇವಿ ಹಾಕಿದ್ದು" ಅಂತಾರೆ. ಅಂದ್ರೆ ಸಿಡುಬಿನ ಲಸಿಕೆ.

ಕಲೆ ಇಷ್ಟು ವರ್ಷ ಹೇಗೆ ಉಳೀತು? ನಮ್ಮ ಹೊರಚರ್ಮ ಸುಮಾರು ತಿಂಗಳಿಗೊಮ್ಮೆ ಹೊಸದಾಗುತ್ತೆ, ಅಲ್ಲಿನ ತರಚು ಗಾಯ ಮಾಯುತ್ತೆ. ಕೆಳಗಿನ ಒಳಚರ್ಮಕ್ಕೆ ಪೆಟ್ಟಾದ್ರೆ ಮಾತ್ರ ಕಲೆ ನಿಲ್ಲೋದು. ಸಿಡುಬಿನ ಗುಳ್ಳೆ ಅಷ್ಟು ಆಳಕ್ಕೆ ಇಳೀತಿತ್ತು. ಅರಕಲಗೂಡಲ್ಲಿದ್ದ ಅಜ್ಜಿಯ ಅಕ್ಕನ ಮುಖದ ತುಂಬ ಆ ಕುಳಿಗಳಿದ್ವು. ಲಸಿಕೆಯೂ ಗುಳ್ಳೆ ಎಬ್ಬಿಸ್ತಿತ್ತು, ಆದ್ರೆ ಹಾಕಿದ ಜಾಗದಲ್ಲಿ ಮಾತ್ರ.

ಈ ಲಸಿಕೆ ಇಂಡಿಯಾಕ್ಕೆ ಬಂದಿದ್ದು 1802ರಲ್ಲಿ. ಮೂರೇ ವರ್ಷಕ್ಕೆ, 1805ರಲ್ಲಿ, ಥಾಮಸ್ ಹಿಕಿ ಮೈಸೂರು ಅರಮನೆಯ ಮೂವರು ಹೆಂಗಸರ ಚಿತ್ರ ಬರೆದ. ಅದರಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರ ಕಿರಿಯ ರಾಣಿ ಸೆರಗು ಸರಿಸಿ ತೋಳು ತೋರಿಸ್ತಿದ್ದಾಳೆ. ಜನ ಹೆದರದೆ ಲಸಿಕೆ ಹಾಕಿಸ್ಕೊಳ್ಳಲಿ ಅಂತಲೇ ಬರೆಸಿದ ಚಿತ್ರ ಅದು ಅನ್ನೋದು ಇತಿಹಾಸಕಾರ ನೈಜೆಲ್ ಚಾನ್ಸಲರ್ ವಾದ.

ಭಾರತದಲ್ಲಿ ಕೊನೆಯ ಸಿಡುಬು ಕಂಡಿದ್ದು 1975ರಲ್ಲಿ. 1980ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಈ ರೋಗ ಲೋಕದಿಂದಲೇ ಹೋಯ್ತು ಅಂತ ಘೋಷಿಸ್ತು.

ನಮ್ಮ ಎಡತೋಳಲ್ಲಿರೋ ಚಿಕ್ಕ ಕಲೆ ಬೇರೆ, ಅದು ಕ್ಷಯಕ್ಕೆ ಹಾಕೋ ಬಿಸಿಜಿದು. ಅಜ್ಜಿಯ ಕಲೆ ನಮಗಿಲ್ಲ. ಅವರ ಕಾಲದೋರು ಹಾಕಿಸ್ಕೊಂಡಿದ್ದಕ್ಕೇ ನಮಗದು ಬೇಕಾಗ್ಲಿಲ್ಲ.

ಇವತ್ತು ಮನೇಲಿ ಹಿರಿಯರ ತೋಳು ನೋಡಿ, ಆ ದಿನ ಹೇಗಿತ್ತು ಅಂತ ಕೇಳಿ.