ಕತ್ತಿಗೆ ಮೊದಲು ಸೂಜಿ

ಚಿಕ್ಕಪೇಟೆಯ ದಕ್ಷಿಣಕ್ಕೆ, ಕೋಟೆಯ ಮಗ್ಗುಲಲ್ಲಿರುವ ವಿಕ್ಟೋರಿಯಾ ಆಸ್ಪತ್ರೆಯನ್ನು 1900ರಲ್ಲಿ ವೈಸರಾಯ್ ಕರ್ಜನ್ ಉದ್ಘಾಟಿಸಿದಾಗ, ರಾಂಟ್‌ಜೆನ್ ಕ್ಷ-ಕಿರಣವನ್ನು ಕಂಡು ಐದು ವರ್ಷಗಳಷ್ಟೇ ಸಂದಿದ್ದವು. ಮೂತ್ರಪಿಂಡದ ಗಂಟನ್ನು ಅರಿಯಲು ಅಂದಿನ ವೈದ್ಯರಿಗಿದ್ದ ಮುಖ್ಯ ಆಧಾರಗಳು ಇಂಥವು: ಕೈಗೆ ತಾಗುವ ಬಾವು, ಮೂತ್ರದಲ್ಲಿ ಕಾಣುವ ರಕ್ತ. ಅಷ್ಟರಲ್ಲಿ ಗಂಟು ಬಲಿತಿರುತ್ತಿತ್ತು.

1951ರಲ್ಲಿ ಡೆನ್ಮಾರ್ಕಿನ ಇವರ್ಸೆನ್ ಮತ್ತು ಬ್ರುನ್ ಚರ್ಮದ ಮೂಲಕ ಸೂಜಿಯಿಳಿಸಿ ಮೂತ್ರಪಿಂಡದ ಚೂರನ್ನು ತೆಗೆಯುವ ಕ್ರಮವನ್ನು ಪ್ರಕಟಿಸಿದರು. 1971ರಲ್ಲಿ ಹೌನ್ಸ್‌ಫೀಲ್ಡರ ಸಿ.ಟಿ. ಯಂತ್ರ ಮೊದಲ ರೋಗಿಯ ಚಿತ್ರವನ್ನು ತೆಗೆಯಿತು. ಮುಂದೆ ಸಿ.ಟಿ.ಯೂ ಶ್ರವಣಾತೀತ ಧ್ವನಿಯೂ ಸೂಜಿಗೆ ಕಣ್ಣಾದವು. ಅವೇ ಯಂತ್ರಗಳು, ಬೇರಾವುದೋ ನೋವಿಗಾಗಿ ಬಂದವರಲ್ಲಿಯೂ ಸಣ್ಣ ಗಂಟುಗಳನ್ನು ತೋರತೊಡಗಿದವು.

ಆದರೂ ಸೂಜಿಯ ಹಾದಿಯಲ್ಲಿ ಅರ್ಬುದ ಹರಡೀತೆಂಬ ಭಯದಿಂದ ಬಹುಕಾಲ ಪರೀಕ್ಷೆಯಿಲ್ಲದೆಯೇ ಶಸ್ತ್ರಚಿಕಿತ್ಸೆ ನಡೆಯುತ್ತಿತ್ತು. ಹೀಗೆ ತೆಗೆದ ನಾಲ್ಕು ಸೆಂಟಿಮೀಟರಿನೊಳಗಿನ ಗಂಟುಗಳಲ್ಲಿ ಸುಮಾರು ಐದಕ್ಕೊಂದು ಅರ್ಬುದವೇ ಅಲ್ಲವೆಂದು ತಿಳಿದುಬಂದಿತು. ಆ ಭಯಕ್ಕೆ ಕಾರಣವಾದ ಘಟನೆ ಅತಿ ವಿರಳವೆಂಬುದೂ ಸ್ಪಷ್ಟವಾಯಿತು.

ಸೂಜಿಯೂ ಸರ್ವಜ್ಞನಲ್ಲ, ಒಮ್ಮೊಮ್ಮೆ ಉತ್ತರ ದೊರೆಯದೆ ಪರೀಕ್ಷೆಯನ್ನು ಮರಳಿ ಮಾಡಬೇಕಾಗುತ್ತದೆ, ರಕ್ತಸ್ರಾವವೂ ಉಂಟಾಗಬಹುದು. ಆದರೆ ಶ್ರೋತೃಗಳೇ, ಕಳೆದ ಅಂಗ ಮರಳಿ ಬಾರದು. ಆದುದರಿಂದ ಸಣ್ಣ ಗಂಟಿನ ಸುದ್ದಿ ಕೇಳಿದ ಮನೆಯವರು, ಕತ್ತಿಗೆ ಒಪ್ಪುವ ಮುನ್ನ, ಸೂಜಿಯಿಂದ ತಿಳಿಯಬಹುದೇ ಎಂದು ವೈದ್ಯರನ್ನು ಕೇಳುವುದು ಅವಿಶ್ವಾಸವಲ್ಲ, ವಿವೇಕ.